ಪ್ಲಗ್-ಇನ್ ಹೈಬ್ರಿಡ್ ಕಾರು: ಸಣ್ಣ ಓಡಾಟಕ್ಕೆಂದು ಹುಟ್ಟಿದ ವಾಹನದ ದೊಡ್ಡ ಕಥೆ

ಹೊರದೇಶಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಮಾತಿಗೆ ಸಿಕ್ಕಾಗ ಈಚೆಗೆ ಒಂದು ಪ್ರಶ್ನೆ ಆಗಾಗ ಬರುತ್ತದೆ. “ಸಾರ್, ಪೂರ್ತಿ ವಿದ್ಯುತ್ ಕಾರು ಕೊಳ್ಳಲು ಧೈರ್ಯ ಸಾಲದು, ಬರೀ ಪೆಟ್ರೋಲ್ ಕಾರು ಕೊಳ್ಳಲು ಮನಸ್ಸು ಒಪ್ಪದು. ಎರಡೂ ಇರುವ ಪ್ಲಗ್-ಇನ್ ಹೈಬ್ರಿಡ್ ತೆಗೆದುಕೊಂಡರೆ ಹೇಗೆ?” ಎಂದು ಕೇಳುತ್ತಾರೆ. ಯಾವ ಕಂಪನಿಯ ಕಾರು ಒಳ್ಳೆಯದು ಎಂದು ಹೇಳುವುದು ಇತಿಹಾಸದ ಮೇಷ್ಟರ ಕೆಲಸವಲ್ಲ. ಆದರೆ ಈ ಪ್ರಶ್ನೆಗೆ ನೂರಿಪ್ಪತ್ತೈದು ವರ್ಷಗಳ ಹಿನ್ನೆಲೆಯಿದೆ. ಅದನ್ನು ತಿಳಿದುಕೊಂಡರೆ ಉತ್ತರವನ್ನು ಅವರೇ ಕಂಡುಕೊಳ್ಳಬಹುದು ಎಂಬ ನಂಬಿಕೆಯಿಂದ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಹೈಬ್ರಿಡ್ ಎಂದರೆ ಮಿಶ್ರತಳಿ. ನಮ್ಮ ರೈತರಿಗೆ ಹೈಬ್ರಿಡ್ ಜೋಳದಿಂದಾಗಿ ಈ ಪದ ಎಂದೋ ಪರಿಚಿತವಾಗಿದೆ. ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನೂ ಇರುತ್ತದೆ, ವಿದ್ಯುತ್ ಮೋಟಾರೂ ಇರುತ್ತದೆ. ಸಾಮಾನ್ಯ ಹೈಬ್ರಿಡ್ಡಿನ ಪುಟ್ಟ ಬ್ಯಾಟರಿಯನ್ನು ಆ ಎಂಜಿನ್ನೂ, ಬ್ರೇಕ್ ಹಾಕಿದಾಗ ವ್ಯರ್ಥವಾಗಬಹುದಾಗಿದ್ದ ಶಕ್ತಿಯೂ ತುಂಬುತ್ತವೆ. ಅದಕ್ಕೆ ಹೊರಗಿನ ವಿದ್ಯುತ್ತು ಬೇಕಿಲ್ಲ. ಪ್ಲಗ್-ಇನ್ ಹೈಬ್ರಿಡ್ಡಿನಲ್ಲಿ ಬ್ಯಾಟರಿ ಸ್ವಲ್ಪ ದೊಡ್ಡದು. ಮನೆಯ ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡಿದರೆ ಮೂವತ್ತೋ ಐವತ್ತೋ ಎಂಬತ್ತೋ ಕಿಲೋಮೀಟರು ಪೆಟ್ರೋಲಿನ ಹಂಗಿಲ್ಲದೆ ಓಡುತ್ತದೆ. ಚಾರ್ಜು ಮುಗಿದ ಮೇಲೆ ಎಂಜಿನ್ನು ಕೆಲಸಕ್ಕೆ ಇಳಿಯುತ್ತದೆ. ದಿನದ ಸಣ್ಣ ಓಡಾಟಕ್ಕೆ ವಿದ್ಯುತ್ತು, ಅಪರೂಪದ ದೂರ ಪ್ರಯಾಣಕ್ಕೆ ಪೆಟ್ರೋಲು ಎಂಬುದು ಇದರ ಮೂಲತತ್ತ್ವ.

ಈ ಆಲೋಚನೆ ನಿನ್ನೆ ಮೊನ್ನೆಯದೆಂದು ಅನೇಕರು ಭಾವಿಸಿದ್ದಾರೆ. 1900ರ ಅಮೆರಿಕದ ಜನಗಣತಿಯ ಅಂಕಿ ನೋಡಿ. ಆ ವರ್ಷ ಅಲ್ಲಿ ತಯಾರಾದ 4,192 ಕಾರುಗಳಲ್ಲಿ 1,681 ಉಗಿಯಿಂದ ಓಡುವಂಥವು, 1,575 ವಿದ್ಯುತ್ತಿನವು, ಪೆಟ್ರೋಲಿನವು ಕೇವಲ 936. ಮೂವರಲ್ಲಿ ಪೆಟ್ರೋಲೇ ಕಿರಿಯ! ಆಗಿನ ಪೆಟ್ರೋಲ್ ಕಾರನ್ನು ಚಾಲೂ ಮಾಡಲು ಮುಂಭಾಗದಲ್ಲಿ ಹ್ಯಾಂಡಲ್ ಹಾಕಿ ತೋಳಿನ ಬಲದಿಂದ ತಿರುಗಿಸಬೇಕಿತ್ತು. ಅದು ಹಿಂದಕ್ಕೆ ಒದೆದರೆ ಕೈ ಮುರಿಯುವುದೂ ಇತ್ತು. ವಿದ್ಯುತ್ ಕಾರಿಗೆ ಹೊಗೆಯಿಲ್ಲ, ಸದ್ದಿಲ್ಲ, ಹ್ಯಾಂಡಲ್ಲಿನ ಕಷ್ಟವಿಲ್ಲ. ನಗರದೊಳಗೆ ರೋಗಿಗಳನ್ನು ನೋಡಲು ಹೋಗುವ ವೈದ್ಯರೂ ಸಿರಿವಂತ ಮನೆತನದ ಹೆಂಗಸರೂ ಅದನ್ನು ಮೆಚ್ಚಿದರು. ಪೆಟ್ರೋಲ್ ಕಾರನ್ನು ಜಗತ್ತಿಗೇ ಹಂಚಿದ ಹೆನ್ರಿ ಫೋರ್ಡ್ ಅವರ ಪತ್ನಿ ಕ್ಲಾರಾ ಓಡಿಸುತ್ತಿದ್ದುದು ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ವಿದ್ಯುತ್ ಕಾರನ್ನು. ಸಣ್ಣ ಓಡಾಟಕ್ಕೆ ವಿದ್ಯುತ್ತೇ ಹಿತವೆಂಬುದು ಆಗಲೇ ಅನುಭವಸಿದ್ಧವಾಗಿತ್ತು.

ಕೊರತೆ ಇದ್ದುದು ದೂರದ ವಿಷಯದಲ್ಲಿ. ಸೀಸದ ಬ್ಯಾಟರಿ ಬಲು ಭಾರ, ಅದರೊಳಗೆ ಹಿಡಿಯುವ ಶಕ್ತಿ ಅಲ್ಪ. ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಒಬ್ಬ, ವಿಯೆನ್ನಾದ ಲೋನರ್ ಎಂಬ ಗಾಡಿ ತಯಾರಿಕಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದ ಫರ್ಡಿನಾಂಡ್ ಪೋರ್ಷೆ ಎಂಬ ತರುಣ. ಚಕ್ರದ ಗುಂಬದೊಳಗೇ ವಿದ್ಯುತ್ ಮೋಟಾರು ಕೂರಿಸಿದ ಆತನ ಕಾರು 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಜನರ ಗಮನ ಸೆಳೆಯಿತು. ಅದೇ ಕಾಲದಲ್ಲಿ ಆತ ಬ್ಯಾಟರಿಯ ಗಾತ್ರ ತಗ್ಗಿಸಿ, ಪೆಟ್ರೋಲ್ ಎಂಜಿನ್ನುಗಳಿಂದ ಡೈನಮೋ ತಿರುಗಿಸಿ, ಆ ವಿದ್ಯುತ್ತಿನಿಂದ ಚಕ್ರಗಳನ್ನು ಓಡಿಸುವ ಇನ್ನೊಂದು ವಾಹನ ಕಟ್ಟಿದ. ಅದಕ್ಕೆ ಇಟ್ಟ ಲ್ಯಾಟಿನ್ ಹೆಸರು ‘ಸೆಂಪರ್ ವಿವುಸ್’. ‘ಸದಾ ಜೀವಂತ’ ಎಂದು ಅದರ ಅರ್ಥ. ದಾರಿಯ ನಡುವೆ ಬ್ಯಾಟರಿ ಸತ್ತು ನಿಂತುಬಿಡುತ್ತದೆಂಬ ಭಯಕ್ಕೆ ಆ ಹೆಸರೇ ಉತ್ತರ. ಇಂದು ಕಾರು ಕೊಳ್ಳುವವರನ್ನು ಕಾಡುವ ಅಂಜಿಕೆಯೂ ಅದೇ ಅಲ್ಲವೇ?

ಅಮೆರಿಕದ ಷಿಕಾಗೋ ನಗರದ ವುಡ್ಸ್ ಎಂಬ ಕಂಪನಿ 1916ರ ಸುಮಾರಿಗೆ ‘ಡ್ಯುಯಲ್ ಪವರ್’ ಎಂಬ ಕಾರನ್ನು ಮಾರುಕಟ್ಟೆಗೆ ತಂದಿತು. ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿಲೋಮೀಟರ್ ವೇಗದವರೆಗೆ ಅದು ವಿದ್ಯುತ್ತಿನಲ್ಲಿ ಓಡುತ್ತಿತ್ತು. ಅದಕ್ಕೂ ಮೇಲೆ ಎಂಜಿನ್ನು ಸೇರಿಕೊಳ್ಳುತ್ತಿತ್ತು. ಯೋಚನೆ ಚೆನ್ನಾಗಿಯೇ ಇತ್ತು, ಆದರೆ ಕಾಲ ಮೀರಿತ್ತು. 1901ರಲ್ಲಿ ಟೆಕ್ಸಾಸಿನ ಸ್ಪಿಂಡಲ್‌ಟಾಪ್‌ನಲ್ಲಿ ತೈಲ ಚಿಮ್ಮಿ ಪೆಟ್ರೋಲು ಅಗ್ಗವಾಗುವ ದಾರಿ ತೆರೆದಿತ್ತು. 1908ರಲ್ಲಿ ಬಂದ ಫೋರ್ಡರ ಮಾಡೆಲ್ ಟಿ ಕಾರಿನ ಬೆಲೆ 1916ರ ಹೊತ್ತಿಗೆ 360 ಡಾಲರಿಗೆ ಇಳಿದಿತ್ತು. ಎರಡೂವರೆ ಸಾವಿರ ಡಾಲರಿಗೂ ಹೆಚ್ಚು ಕೇಳುತ್ತಿದ್ದ ವುಡ್ಸ್ ಕಾರು ಅದರೆದುರು ನಿಲ್ಲುವುದುಂಟೇ? ಇದರ ಜೊತೆಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದು ಹ್ಯಾಂಡಲ್ಲಿನ ಕಾಟವನ್ನು ತಪ್ಪಿಸಿತು. ಇಲ್ಲೊಂದು ವಿನೋದವಿದೆ. ಆ ಸ್ಟಾರ್ಟರು ಸ್ವತಃ ಒಂದು ಬ್ಯಾಟರಿ ಮತ್ತು ವಿದ್ಯುತ್ ಮೋಟಾರು. ವಿದ್ಯುತ್ ಕಾರನ್ನು ಬೀದಿಯಿಂದ ಹೊರಗೆ ಕಳಿಸಿದ ಕಾರಣಗಳಲ್ಲಿ ಅದರದೇ ಬಂಧುವೊಂದು ಸೇರಿತ್ತು.

ಅರ್ಧ ಶತಮಾನ ಪೆಟ್ರೋಲಿನದೇ ರಾಜ್ಯಭಾರ. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದಾಗ ಅಮೆರಿಕ ಎಚ್ಚೆತ್ತಿತು. ವಿಕ್ಟರ್ ವೂಕ್ ಎಂಬ ಎಂಜಿನಿಯರ್ ಬ್ಯೂಕ್ ಕಾರೊಂದನ್ನು ಹೈಬ್ರಿಡ್ಡಾಗಿ ಮಾರ್ಪಡಿಸಿ 1974ರಲ್ಲಿ ಅಲ್ಲಿನ ಪರಿಸರ ಇಲಾಖೆಯ ಪರೀಕ್ಷೆಗೆ ಒಡ್ಡಿದರು. ಸರ್ಕಾರ ಅದನ್ನು ಮುಂದುವರಿಸಲಿಲ್ಲ. 1976ರಲ್ಲಿ ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳ ಸಂಶೋಧನೆಗಾಗಿ ಅಮೆರಿಕದ ಸಂಸತ್ತು ಒಂದು ಮಸೂದೆ ಅಂಗೀಕರಿಸಿತು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅದನ್ನು ತಿರಸ್ಕರಿಸಿದರು. ಸಂಸತ್ತು ಆ ತಿರಸ್ಕಾರವನ್ನೇ ಮೀರಿ ಅದನ್ನು ಕಾನೂನಾಗಿಸಿತು. ಆದರೆ 1980ರ ದಶಕದಲ್ಲಿ ತೈಲ ಮತ್ತೆ ಅಗ್ಗವಾಗಿ ಉತ್ಸಾಹ ಆರಿತು.

ಮುಂದಿನ ಹೆಜ್ಜೆಯನ್ನು ಇಟ್ಟವರು ಒಬ್ಬ ಅಧ್ಯಾಪಕರು ಎನ್ನುವುದು ನನಗೆ ಸಂತೋಷದ ಸಂಗತಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪ್ರೊಫೆಸರ್ ಆಂಡ್ರ್ಯೂ ಫ್ರಾಂಕ್ 1990ರ ದಶಕದುದ್ದಕ್ಕೂ ತಮ್ಮ ವಿದ್ಯಾರ್ಥಿಗಳ ತಂಡಗಳಿಂದ ಗೋಡೆಯ ಪ್ಲಗ್ಗಿನಿಂದ ಚಾರ್ಜ್ ಆಗುವ ಹೈಬ್ರಿಡ್ ಕಾರುಗಳನ್ನು ಕಟ್ಟಿಸಿದರು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಟೊಯೋಟಾ ಕಂಪನಿಯ ಪ್ರಿಯಸ್ ಬಂದಿತು. ಅದು ಪ್ಲಗ್ಗಿಲ್ಲದ ಹೈಬ್ರಿಡ್ಡು. ಪ್ಲಗ್ ಹಾಕಬೇಕಾದ ಗೋಜಿಲ್ಲವೆಂಬುದೇ ಆಗ ಅದರ ಹೆಗ್ಗಳಿಕೆ. ಆದರೆ 2004ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಕಾರ್ಸ್ ಎಂಬ ಆಸಕ್ತರ ಗುಂಪು ಪ್ರಿಯಸ್ ಒಂದಕ್ಕೆ ಹೆಚ್ಚಿನ ಬ್ಯಾಟರಿ ಜೋಡಿಸಿ ಮನೆಯ ವಿದ್ಯುತ್ತಿನಿಂದ ತುಂಬುವಂತೆ ಮಾಡಿ ತೋರಿಸಿತು. ಕಂಪನಿಗಳು ಬೇಡವೆಂದದ್ದನ್ನು ಗ್ರಾಹಕರು ಬೇಕೆಂದರು.

ಚೀನಾದ ಬಿವೈಡಿ ಕಂಪನಿ 2008ರ ಡಿಸೆಂಬರಿನಲ್ಲಿ ಎಫ್3ಡಿಎಂ ಎಂಬ ಪ್ಲಗ್-ಇನ್ ಹೈಬ್ರಿಡ್ಡನ್ನು ಮಾರಾಟಕ್ಕಿಟ್ಟಿತು. ಎರಡು ವರ್ಷಗಳ ತರುವಾಯ, 2010ರ ಡಿಸೆಂಬರಿನಲ್ಲಿ, ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಷೆವ್ರೊಲೆ ವೋಲ್ಟ್ ಬಂದಿತು. ಈ ಕಾರಿನ ವಿನ್ಯಾಸ ಹೊರಟದ್ದೇ ಸಣ್ಣ ಓಡಾಟದ ಲೆಕ್ಕದಿಂದ. ಅಮೆರಿಕದ ಉದ್ಯೋಗಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಮಂದಿ ಕೆಲಸಕ್ಕೆ ಹೋಗಿಬರಲು ದಿನಕ್ಕೆ 40 ಮೈಲಿಗಿಂತ ಕಡಿಮೆ ಓಡಿಸುತ್ತಾರೆ ಎಂಬ ಅಂಕಿ ಅಂಶವನ್ನು ಕಂಪನಿ ಮುಂದಿಟ್ಟುಕೊಂಡಿತು. ಅಷ್ಟು ದೂರಕ್ಕೆ ಸಾಕಾಗುವ ಬ್ಯಾಟರಿ, ಮಿಕ್ಕಿದ್ದಕ್ಕೆ 1.4 ಲೀಟರಿನ ಎಂಜಿನ್. ಬ್ಯಾಟರಿಯ ಸಾಮರ್ಥ್ಯ ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 16 ಯೂನಿಟ್ಟು. ಸರ್ಕಾರಿ ಪರೀಕ್ಷೆಯಲ್ಲಿ ಬಂದ ದೂರ 35 ಮೈಲಿ, ಅಂದರೆ 56 ಕಿಲೋಮೀಟರು. ಬೆಲೆ 41,000 ಡಾಲರ್. ಅದರ ಮೇಲೆ ಸರ್ಕಾರ 7,500 ಡಾಲರಿನವರೆಗೆ ತೆರಿಗೆ ರಿಯಾಯಿತಿ ಕೊಡುತ್ತಿತ್ತು.

ಸಣ್ಣ ಓಡಾಟಕ್ಕೂ ವಿದ್ಯುತ್ತಿಗೂ ಇರುವ ನಂಟಿಗೆ ವಿಜ್ಞಾನದ ಕಾರಣವೂ ಇದೆ. ಪೆಟ್ರೋಲ್ ಎಂಜಿನ್ನು ತಣ್ಣಗಿರುವಾಗ ಹೆಚ್ಚು ಇಂಧನ ಕುಡಿಯುತ್ತದೆ. ಹೊಗೆಯನ್ನು ಶುದ್ಧಗೊಳಿಸುವ ಸಾಧನವು ಬಿಸಿಯಾಗುವವರೆಗೆ ಸರಿಯಾಗಿ ಕೆಲಸ ಮಾಡದು. ಎರಡು ಮೂರು ಕಿಲೋಮೀಟರು ಹೋಗಿ ನಿಲ್ಲಿಸುವುದಾದರೆ ಎಂಜಿನ್ನು ಬಿಸಿಯೇರುವ ಮೊದಲೇ ದಾರಿ ಮುಗಿಯುತ್ತದೆ. ಒಳಗೆ ಕೂಡಿದ ತೇವವೂ ಆವಿಯಾಗಿ ಹೋಗದೆ ಎಂಜಿನ್ ಎಣ್ಣೆಯಲ್ಲಿ ಉಳಿಯುತ್ತದೆ. ತರಕಾರಿ ತರುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಬ್ಯಾಂಕಿಗೆ ಹೋಗಿಬರುವುದು ಪೆಟ್ರೋಲ್ ಕಾರಿಗೆ ಅತ್ಯಂತ ಕಷ್ಟದ ಕೆಲಸ, ವಿದ್ಯುತ್ ಮೋಟಾರಿಗೆ ಅತ್ಯಂತ ಸಲೀಸಾದ ಕೆಲಸ. ಇನ್ನು ಪೂರ್ತಿ ವಿದ್ಯುತ್ ಕಾರಿನಲ್ಲಿ ವರ್ಷಕ್ಕೆ ಹತ್ತಾರು ದಿನ ಬೇಕಾಗುವ ದೂರಕ್ಕಾಗಿ ದೊಡ್ಡ ಬ್ಯಾಟರಿಯನ್ನು ದಿನವೂ ಹೊತ್ತು ತಿರುಗಬೇಕು. ಪ್ಲಗ್-ಇನ್ ಹೈಬ್ರಿಡ್ಡಿಗೆ ಆ ಹೊರೆ ಕಡಿಮೆ. ಪ್ರತಿಯಾಗಿ ಅದು ಎಂಜಿನ್ನನ್ನೂ ಪೆಟ್ರೋಲ್ ಟ್ಯಾಂಕನ್ನೂ ಹೊರಬೇಕು, ಅವುಗಳ ಸರ್ವಿಸ್ಸನ್ನೂ ಮಾಡಿಸಬೇಕು. ಬರೀ ಸಣ್ಣ ಓಡಾಟ ಮಾಡುವವರ ಟ್ಯಾಂಕಿನಲ್ಲಿ ಪೆಟ್ರೋಲು ಹಳತಾಗಿ ಕೆಡಬಾರದೆಂದು, ಅದು ಸುಮಾರು ಒಂದು ವರ್ಷದಷ್ಟು ಹಳೆಯದಾದರೆ ವೋಲ್ಟ್ ತಾನೇ ಎಂಜಿನ್ನನ್ನು ಓಡಿಸಿ ಖರ್ಚು ಮಾಡುವ ಏರ್ಪಾಡಿತ್ತು! ತೀವ್ರ ಚಳಿಯಲ್ಲಿ ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಎಂಜಿನ್ನು ಚಾಲೂ ಆಗುವುದುಂಟು.

ತತ್ತ್ವ ಹೀಗಿದ್ದರೆ ಆಚರಣೆ ಹೇಗಿತ್ತು? ಈ ಚರಿತ್ರೆಯ ನಿಜವಾದ ಪಾಠ ಇರುವುದು ಇಲ್ಲಿ.

ಅಮೆರಿಕದಲ್ಲಿ ‘ಇವಿ ಪ್ರಾಜೆಕ್ಟ್’ ಎಂಬ ಯೋಜನೆಯಡಿ ಸಾವಿರಾರು ಕಾರುಗಳ ಓಡಾಟವನ್ನು ದಾಖಲಿಸಿ ಇಡಾಹೋ ರಾಷ್ಟ್ರೀಯ ಪ್ರಯೋಗಾಲಯವು ವಿಶ್ಲೇಷಿಸಿತು. ಅದರಲ್ಲಿದ್ದ ವೋಲ್ಟ್ ಕಾರುಗಳು ವರ್ಷಕ್ಕೆ ಸರಾಸರಿ 12,238 ಮೈಲಿ ಓಡಿದ್ದವು. ಅದರಲ್ಲಿ 9,112 ಮೈಲಿ ವಿದ್ಯುತ್ತಿನಲ್ಲಿ, ಅಂದರೆ ನಾಲ್ಕರಲ್ಲಿ ಮೂರು ಪಾಲು. ಅದೇ ಯೋಜನೆಯಲ್ಲಿದ್ದ ನಿಸ್ಸಾನ್ ಲೀಫ್ ಎಂಬ ಪೂರ್ತಿ ವಿದ್ಯುತ್ ಕಾರುಗಳು ಓಡಿದ್ದು 9,697 ಮೈಲಿ. ಎಂಜಿನ್ ಇದ್ದ ಕಾರೂ ಎಂಜಿನ್ ಇಲ್ಲದ ಕಾರಿನಷ್ಟೇ ದೂರವನ್ನು ಹೆಚ್ಚುಕಡಿಮೆ ವಿದ್ಯುತ್ತಿನಲ್ಲಿ ಕ್ರಮಿಸಿತ್ತು.

ಯೂರೋಪಿನ ವರದಿಗಳು ಬೇರೆಯೇ ಕಥೆ ಹೇಳುತ್ತವೆ. ಅಲ್ಲಿ ನೆದರ್ಲೆಂಡ್ಸ್ ಮೊದಲಾದ ದೇಶಗಳಲ್ಲಿ ನೌಕರರಿಗೆ ಕಂಪನಿಯೇ ಕಾರು ಕೊಡುವ ಪದ್ಧತಿ ವ್ಯಾಪಕ. ಪ್ಲಗ್-ಇನ್ ಹೈಬ್ರಿಡ್ಡುಗಳಿಗೆ ಕಾಗದದ ಮೇಲೆ ಹೊಗೆ ಕಡಿಮೆಯಾದ್ದರಿಂದ ತೆರಿಗೆಯೂ ಕಡಿಮೆ. ಹೀಗಾಗಿ 2013ರ ಹೊತ್ತಿಗೆ ಅವು ಅಲ್ಲಿ ಭರದಿಂದ ಖರ್ಚಾದವು. ಆದರೆ ಪೆಟ್ರೋಲಿನ ಬಿಲ್ಲನ್ನು ಕಂಪನಿ ಕಟ್ಟುವುದು, ಮನೆಯ ಕರೆಂಟ್ ಬಿಲ್ಲನ್ನು ನೌಕರ ಕಟ್ಟುವುದು ಎಂದಾದರೆ ಸಂಜೆ ಮನೆಗೆ ಬಂದು ಪ್ಲಗ್ ಹಾಕುವವರು ಯಾರು? ಅಂತರರಾಷ್ಟ್ರೀಯ ಸ್ವಚ್ಛ ಸಾರಿಗೆ ಮಂಡಳಿಯೂ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯೂ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಖಾಸಗಿ ಒಡೆಯರ ಕಾರುಗಳು ಸರಾಸರಿ ಶೇ. 37ರಷ್ಟು ದೂರವನ್ನು ವಿದ್ಯುತ್ತಿನಲ್ಲಿ ಓಡಿದರೆ, ಕಂಪನಿ ಕಾರುಗಳು ಓಡಿದ್ದು ಸುಮಾರು ಶೇ. 20 ಮಾತ್ರ. ಸರ್ಕಾರಿ ಪರೀಕ್ಷೆಗಳು ಊಹಿಸಿಕೊಂಡಿದ್ದುದು ಶೇ. 60ಕ್ಕೂ ಹೆಚ್ಚು. 2021ರಿಂದ ಯೂರೋಪಿನ ಹೊಸ ಕಾರುಗಳಲ್ಲಿ ಇಂಧನದ ನಿಜವಾದ ಖರ್ಚನ್ನು ಬರೆದಿಡುವ ಮಾಪಕ ಕಡ್ಡಾಯವಾಯಿತು. ಆ ಮಾಪಕಗಳ ಲೆಕ್ಕವನ್ನು ಯೂರೋಪಿಯನ್ ಆಯೋಗ 2024ರಲ್ಲಿ ಹೊರಗಿಟ್ಟಾಗ, ಪ್ಲಗ್-ಇನ್ ಹೈಬ್ರಿಡ್ಡುಗಳು ರಸ್ತೆಯ ಮೇಲೆ ಉಗುಳುವ ಇಂಗಾಲದ ಡೈ ಆಕ್ಸೈಡ್ ಕಾಗದದ ಅಂಕಿಯ ಮೂರೂವರೆ ಪಟ್ಟು ಎಂದು ತಿಳಿದುಬಂತು. ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಈ ವ್ಯತ್ಯಾಸ ಐದನೆಯ ಒಂದು ಪಾಲಿನಷ್ಟೇ.

ಈ ಎರಡು ಫಲಿತಾಂಶಗಳ ಅಂತರವನ್ನು ತರಗತಿಯ ಲೆಕ್ಕದಂತೆ ಬಿಡಿಸೋಣ. ಗಣಿತದ ಮೇಷ್ಟರು ಕ್ಷಮಿಸಲಿ. 56 ಕಿಲೋಮೀಟರು ವಿದ್ಯುತ್ತಿನಲ್ಲಿ ಓಡುವ ಕಾರು ಒಬ್ಬರ ಬಳಿ ಇದೆ. ತಿಂಗಳಲ್ಲಿ 22 ದಿನ, ದಿನಕ್ಕೆ 40 ಕಿಲೋಮೀಟರಿನಂತೆ 880 ಕಿಲೋಮೀಟರು ಕೆಲಸಕ್ಕೆ ಹೋಗಿಬರುತ್ತಾರೆ. ತಿಂಗಳಿಗೊಮ್ಮೆ 400 ಕಿಲೋಮೀಟರಿನ ಪ್ರವಾಸ. ಒಟ್ಟು 1,280. ದಿನವೂ ರಾತ್ರಿ ಚಾರ್ಜಿಗೆ ಹಾಕಿದರೆ 880 ಪೂರ್ತಿ ವಿದ್ಯುತ್ತು, ಪ್ರವಾಸದ ಮೊದಲ 56ನ್ನೂ ಸೇರಿಸಿದರೆ 936, ಅಂದರೆ ಶೇ. 73. ದಿನ ಬಿಟ್ಟು ದಿನ ಹಾಕಿದರೆ ಹನ್ನೊಂದು ಸಲದಲ್ಲಿ 616, ಪ್ರವಾಸದ್ದು 56, ಒಟ್ಟು 672. ಇದು ಶೇ. 52ರ ಆಸುಪಾಸು. ವಾರಕ್ಕೊಮ್ಮೆ ಹಾಕಿದರೆ ನಾಲ್ಕು ಸಲದಲ್ಲಿ 224, ಪ್ರವಾಸದ್ದು ಸೇರಿ 280. ಇದು ಶೇ. 22 ಮಾತ್ರ. ಕಾರು ಅದೇ, ದಾರಿ ಅದೇ, ದೂರವೂ ಅದೇ. ಅಮೆರಿಕದ ಆ ಯೋಜನೆಯ ಕುಟುಂಬಗಳ ಫಲಿತಾಂಶಕ್ಕೂ ಯೂರೋಪಿನ ಕಂಪನಿ ಕಾರುಗಳ ಫಲಿತಾಂಶಕ್ಕೂ ಇರುವಷ್ಟು ಅಂತರ ಇಲ್ಲಿ ರಾತ್ರಿಯ ಅರ್ಧ ನಿಮಿಷದ ಅಭ್ಯಾಸವೊಂದರಿಂದಲೇ ಬಂದಿತು. ಆ ಯೋಜನೆಗೆ ಸೇರಿದವರ ಮನೆಗಳಲ್ಲಿ ಚಾರ್ಜರು ಅಳವಡಿಸಿಕೊಡಲಾಗಿತ್ತು, ಪೆಟ್ರೋಲ್ ಉಳಿದರೆ ಉಳಿಯುತ್ತಿದ್ದುದು ಅವರದೇ ಹಣ ಎಂಬುದನ್ನು ಮರೆಯಬಾರದು.

ಇದರಲ್ಲಿ ಸಾರ್ವಜನಿಕ ಹಣದ ಪ್ರಶ್ನೆಯೂ ಇದೆ. ರಿಯಾಯಿತಿ ಕೊಟ್ಟದ್ದು ತೆರಿಗೆ ಕಟ್ಟುವವರ ದುಡ್ಡಿನಿಂದ. ಅದಕ್ಕೆ ಪ್ರತಿಫಲವಾಗಿ ನಿರೀಕ್ಷಿಸಿದ್ದು ಶುದ್ಧ ಗಾಳಿಯನ್ನು. ಪ್ಲಗ್ ಹಾಕದ ಕಾರಿಗೆ ಕೊಟ್ಟ ರಿಯಾಯಿತಿ ಮಳೆನೀರಿನ ತೊಟ್ಟಿಗೆ ಅನುದಾನ ಪಡೆದು ಅದರಲ್ಲಿ ಕೊಳಾಯಿ ನೀರು ತುಂಬಿಸಿದಂತೆ. ಇದನ್ನರಿತ ಬ್ರಿಟನ್ 2018ರಲ್ಲಿ ಇಂಥ ಕಾರುಗಳಿಗೆ ಕೊಡುತ್ತಿದ್ದ ಸಹಾಯಧನವನ್ನು ನಿಲ್ಲಿಸಿತು. ಯೂರೋಪಿಯನ್ ಒಕ್ಕೂಟ 2025ರಿಂದ ಅವುಗಳ ಪರೀಕ್ಷೆಯ ಲೆಕ್ಕಾಚಾರವನ್ನು ಬಿಗಿಗೊಳಿಸಿತು. ಎರಡನೆಯ ತಲೆಮಾರಿನಲ್ಲಿ 85 ಕಿಲೋಮೀಟರು ವಿದ್ಯುತ್ತಿನಲ್ಲಿ ಓಡುತ್ತಿದ್ದ ವೋಲ್ಟ್ ಕಾರಿನ ತಯಾರಿಕೆಯನ್ನು ಜನರಲ್ ಮೋಟಾರ್ಸ್ 2019ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಅಮೆರಿಕದ ಆ 7,500 ಡಾಲರಿನ ರಿಯಾಯಿತಿ 2025ರ ಸೆಪ್ಟೆಂಬರ್ ಕೊನೆಗೆ ಮುಗಿಯಿತು. ಹೀಗೆಂದು ಈ ವಾಹನದ ಕಾಲ ಮುಗಿಯಿತೆನ್ನಲಾಗದು. ಚೀನಾದಲ್ಲಿ 2024ರೊಂದರಲ್ಲೇ 50 ಲಕ್ಷಕ್ಕೂ ಹೆಚ್ಚು ಪ್ಲಗ್-ಇನ್ ಹೈಬ್ರಿಡ್ಡುಗಳು ಮಾರಾಟವಾದವು.

ನಮ್ಮ ನಾಡಿನ ಮಾತನ್ನೂ ಒಂದಿಷ್ಟು ಹೇಳಬೇಕು. ಸಣ್ಣ ಓಡಾಟದ ಸಮಸ್ಯೆಗೆ ಬೆಂಗಳೂರು 2001ರಲ್ಲೇ ತನ್ನದೊಂದು ಉತ್ತರ ಕೊಟ್ಟಿತ್ತು. ಚೇತನ್ ಮೈನಿ ಅವರ ಸಾರಥ್ಯದಲ್ಲಿ ಬಂದ ರೇವಾ ಕಾರಿನಲ್ಲಿ ಎಂಜಿನ್ನೇ ಇರಲಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರು, ಮನೆಯ ಸಾಧಾರಣ ಪ್ಲಗ್ಗು ಸಾಕು. ದೂರ ಹೋಗಬೇಕಾದವರು ರೈಲೋ ಬಸ್ಸೋ ಹಿಡಿಯಲಿ ಎಂಬುದು ಅದರ ಧೋರಣೆ. ನೋಡಲು ಆಟಿಕೆಯಂತಿದ್ದರೂ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಓಡಿತು. ಅಲ್ಲಿ ನಗರದ ನಡುಭಾಗಕ್ಕೆ ಬರುವ ಕಾರುಗಳು ಕಟ್ಟಬೇಕಿದ್ದ ದಟ್ಟಣೆ ಶುಲ್ಕದಿಂದ ಅದಕ್ಕೆ ವಿನಾಯಿತಿ ಇತ್ತು. 2010ರಲ್ಲಿ ಆ ಕಂಪನಿ ಮಹೀಂದ್ರ ಸಮೂಹದ ಪಾಲಾಯಿತು. ಭಾರತದಲ್ಲಿ ಪ್ಲಗ್-ಇನ್ ಹೈಬ್ರಿಡ್ಡು ಬಹುತೇಕ ದುಬಾರಿ ಕಾರುಗಳಿಗೇ ಸೀಮಿತವಾಗಿ ಉಳಿಯಿತು. 2019ರ ಆಗಸ್ಟಿನಿಂದ ಪೂರ್ತಿ ವಿದ್ಯುತ್ ವಾಹನಗಳ ಜಿಎಸ್‌ಟಿ ಶೇ. 5ಕ್ಕೆ ಇಳಿದಾಗಲೂ ದೊಡ್ಡ ಹೈಬ್ರಿಡ್ಡುಗಳ ಮೇಲೆ ಶೇ. 28ರ ತೆರಿಗೆಯೂ ಅದರ ಮೇಲೊಂದು ಸೆಸ್ಸೂ ಇದ್ದವು. ನಮ್ಮ ನಗರಗಳ ವಸತಿ ಸಮುಚ್ಚಯಗಳಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಸ್ವಂತ ಪ್ಲಗ್ಗು ಸಿಗುವುದೇ ದೊಡ್ಡ ಮಾತು. ಬೀದಿಯಲ್ಲಿ ನಿಲ್ಲಿಸುವವರಿಗೆ ಆ ಮಾತೇ ಇಲ್ಲ.

ಹಾಗಾದರೆ ಕೊಳ್ಳಬೇಕೇ, ಬಾರದೇ? ಮನೆಯಲ್ಲೋ ಕಚೇರಿಯಲ್ಲೋ ಕಾರು ನಿಲ್ಲುವಲ್ಲೇ ಪ್ಲಗ್ಗಿದ್ದು, ದಿನದ ಓಡಾಟ ಬ್ಯಾಟರಿಯ ಅಳವಿನೊಳಗಿದ್ದು, ದೂರ ಪ್ರಯಾಣ ಆಗಾಗ ಇದ್ದು, ಮನೆಗೆ ಒಂದೇ ಕಾರು ಎನ್ನುವವರಿಗೆ ಇದು ಒಪ್ಪುವ ವಾಹನ. ದೂರ ಪ್ರಯಾಣವೇ ಇಲ್ಲದವರು ಎಂಜಿನ್ನನ್ನು ಹೊತ್ತು ತಿರುಗುವುದರಲ್ಲಿ ಅರ್ಥವಿಲ್ಲ. ಪೂರ್ತಿ ವಿದ್ಯುತ್ ಕಾರೇ ಅವರಿಗೆ ಸಾಕು. ಪ್ಲಗ್ಗಿಗೆ ಅನುಕೂಲವಿಲ್ಲದವರಿಗೆ ಸಾಮಾನ್ಯ ಹೈಬ್ರಿಡ್ಡೇ ವಾಸಿ. ಚಾರ್ಜ್ ಮಾಡದ ದೊಡ್ಡ ಬ್ಯಾಟರಿ ಬರೀ ತೂಕ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಈಗಿರುವ ಕಾರಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟು, ಒಂದು ತಿಂಗಳ ಕಾಲ ದಿನಕ್ಕೆ ಎಷ್ಟು ಕಿಲೋಮೀಟರು ಓಡಿತು, ರಾತ್ರಿ ಎಲ್ಲಿ ನಿಂತಿತು ಎಂದು ಬರೆಯಿರಿ. ಮನೆಯವರೂ ಓಡಿಸುವುದಾದರೆ ಅವರಿಂದಲೂ ಬರೆಸಿರಿ. ತಿಂಗಳ ಕೊನೆಗೆ ಮೇಲಿನ ಲೆಕ್ಕವನ್ನು ನಿಮ್ಮ ಅಂಕಿಗಳೊಂದಿಗೆ ಮಾಡಿ ನೋಡಿ. ಸಂಜೆ ಸುಸ್ತಾಗಿ ಬಂದು, ಮಳೆಯಲ್ಲೋ ಹಿಮದಲ್ಲೋ ನಿಂತು ಪ್ಲಗ್ ಹಾಕುವ ಅಭ್ಯಾಸ ನಿಮ್ಮಿಂದ ಆದೀತೇ ಎಂಬ ಪ್ರಶ್ನೆಯನ್ನೂ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಹೋಂವರ್ಕನ್ನು ಯಾರು ತಪ್ಪದೆ ತರುತ್ತಿದ್ದರು, ಯಾರು ನಾಳೆ ತರುತ್ತೇನೆ ಸಾರ್ ಎನ್ನುತ್ತಿದ್ದರು ಎಂಬುದು ನನಗಿನ್ನೂ ನೆನಪಿದೆ. ಶೇಕಡಾ ಎಷ್ಟು ಬಂತೆಂದು ಬರೆದು ತಿಳಿಸಿದರೆ ಸಂತೋಷ.